ಡಿಬಿಎಸ್ ಬ್ಯಾಟರಿ ಮುಗಿಯುವ ದಿನಕ್ಕೂ ವ್ಯವಸ್ಥೆ ಬೇಕು: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಹಾರಾಷ್ಟ್ರದ ಸಾರ್ವಜನಿಕ ಆರೋಗ್ಯ ಸಚಿವರಿಗೆ, ಮುಂಬಯಿ ಕನ್ನಡಿಗರ ನಮಸ್ಕಾರಗಳು.

ಡಿಸ್ಟೋನಿಯಾ ಇದ್ದವರ ಕತ್ತು, ಬೆನ್ನು, ಕೈಕಾಲು ಹಿಡಿತಕ್ಕೆ ಸಿಗದೆ ತಿರುಚಿಕೊಳ್ಳುತ್ತವೆ. ಮಾತ್ರೆಯೂ ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ನೂ ಸಾಲದಾದಾಗ, ಮೆದುಳಿನೊಳಗೆ ಎಲೆಕ್ಟ್ರೋಡ್ ಇಟ್ಟು ಸಣ್ಣ ಕರೆಂಟ್ ಹರಿಸುವ ಡೀಪ್ ಬ್ರೇನ್ ಸ್ಟಿಮ್ಯುಲೇಶನ್, ಅಂದರೆ ಡಿಬಿಎಸ್, ಅನೇಕರನ್ನು ಮತ್ತೆ ಎದ್ದು ನಡೆಯುವಂತೆ ಮಾಡಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2003ರಲ್ಲೇ ವಿಶೇಷ ಅನುಮತಿ ಕೊಟ್ಟಿತ್ತು. ಆದರೆ ಆಪರೇಷನ್ ಮುಗಿದ ಮಾತ್ರಕ್ಕೆ ಈ ಚಿಕಿತ್ಸೆ ಮುಗಿಯುವುದಿಲ್ಲ. ತಮಗೆ ಬರೆಯುತ್ತಿರುವುದು ಅದಕ್ಕೇ.

ಮೆದುಳಿನ ಆಳದಲ್ಲಿರುವ ಗ್ಲೋಬಸ್ ಪ್ಯಾಲಿಡಸ್‌ನ ಒಳಭಾಗಕ್ಕೆ ಎರಡೂ ಬದಿಯಲ್ಲಿ ಸುಮಾರು 1.3 ಮಿ.ಮೀ. ದಪ್ಪದ ಎಲೆಕ್ಟ್ರೋಡ್ ಇಳಿಸುತ್ತಾರೆ. ವೈರು ಕಿವಿಯ ಹಿಂದಿನಿಂದ ಚರ್ಮದಡಿ ಹಾದು ಎದೆಯಲ್ಲಿಟ್ಟ ಬ್ಯಾಟರಿಗೆ ಸೇರುತ್ತದೆ. ಎಲೆಕ್ಟ್ರೋಡ್ ಒಂದೆರಡು ಮಿ.ಮೀ. ಆಚೀಚೆ ಆದರೂ ಮಾತು ತೊದಲಬಹುದು, ಕಣ್ಣೆದುರು ಬೆಳಕು ಮಿಂಚಿದಂತಾಗಬಹುದು. ಕತ್ತು ಸದಾ ಎಳೆಯುವವರಲ್ಲಿ ವೈರು ತುಂಡಾಗುವುದೂ ಉಂಟು.

ಪಾರ್ಕಿನ್ಸನ್ ರೋಗಿಯ ನಡುಕ ಕರೆಂಟ್ ಹರಿಸಿದ ಕೆಲವೇ ಕ್ಷಣಗಳಲ್ಲಿ ತಗ್ಗಬಹುದು. ಡಿಸ್ಟೋನಿಯಾ ಹಾಗಲ್ಲ. ಮೊದಲು ಎಳೆತ, ಜರ್ಕು ಇಳಿಯುತ್ತವೆ. ಸೆಟೆದು ನಿಂತ ಭಂಗಿ ಸಡಿಲಲು 6ರಿಂದ 12 ತಿಂಗಳು ಹಿಡಿಯಬಹುದು. ಅಷ್ಟೂ ಕಾಲ ಯಾವ ಕಾಂಟ್ಯಾಕ್ಟ್ (ಎಲೆಕ್ಟ್ರೋಡ್‌ನಲ್ಲಿ ಕರೆಂಟ್ ಹೊರಬರುವ ಬಿಂದು), ಎಷ್ಟು ಕರೆಂಟ್, ಸೆಕೆಂಡಿಗೆ 130 ಮಿಡಿತ (130 ಹರ್ಟ್ಜ್) ಇರಲೋ ಕಡಿಮೆ ಮಾಡಲೋ ಎಂದು ಮತ್ತೆ ಮತ್ತೆ ಹೊಂದಿಸಬೇಕು. ಇದೇ ಪ್ರೋಗ್ರಾಮಿಂಗ್. ಇದರ ಖರ್ಚನ್ನು ಕನಿಷ್ಠ ಒಂದು ವರ್ಷವಾದರೂ ಸರ್ಕಾರಿ ಆರೋಗ್ಯ ಯೋಜನೆಯ ಚಿಕಿತ್ಸಾ ಪ್ಯಾಕೇಜ್‌ನಲ್ಲಿ ಸೇರಿಸಬೇಕು. ಒಂದೇ ತಿಂಗಳಲ್ಲಿ ‘ಗುಣವಿಲ್ಲ’ ಎಂದು ಕೈಬಿಟ್ಟರೆ ರೋಗಿಗೆ ಅನ್ಯಾಯ.

ನಮ್ಮನ್ನು ಹೆಚ್ಚು ಕಾಡುವುದು ಬ್ಯಾಟರಿ. ಡಿಸ್ಟೋನಿಯಾಕ್ಕೆ ಹೆಚ್ಚು ಕರೆಂಟ್ ಬೇಕಾಗುವುದರಿಂದ ರೀಚಾರ್ಜ್ ಆಗದ ಬ್ಯಾಟರಿ ಎರಡು–ಮೂರು ವರ್ಷಕ್ಕೇ ಬರಿದಾಗಬಹುದು. ಅದು ದಿಢೀರನೆ ನಿಂತರೆ ತಿರುಚುವಿಕೆ ಮರುಕಳಿಸುತ್ತದೆ. ಕೆಲವರಲ್ಲಿ ಸ್ಟೇಟಸ್ ಡಿಸ್ಟೋನಿಕಸ್ ಆಗುತ್ತದೆ: ಇಡೀ ಮೈ ಬಿಡದೆ ಸೆಟೆದು, ಜ್ವರವೇರಿ, ಸ್ನಾಯು ಕರಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ, ಉಸಿರಿಗೂ ಅಪಾಯ. ಐಸಿಯು ಸೇರಿಸಬೇಕಾದ ಸ್ಥಿತಿ ಇದು. ಹೀಗಿರುವಾಗ ಬ್ಯಾಟರಿ ಬದಲಾವಣೆಯನ್ನು ಸರದಿ ಕಾಯುವ ಆಪರೇಷನ್ ಎಂದು ಕೂರಿಸುವುದು ತಪ್ಪು. ಅದನ್ನು ತುರ್ತು ಪಟ್ಟಿಗೆ ಸೇರಿಸಿ, ಅನುಮೋದನೆ ಅದೇ ದಿನ ಸಿಗುವಂತೆ ಮಾಡಿ. ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ಮಿತಿ. ರೀಚಾರ್ಜ್ ಆಗುವ ಸೆಟ್‌ಗೆ ಖಾಸಗಿಯಲ್ಲಿ 10 ಲಕ್ಷ ದಾಟುವುದುಂಟು. ಅದಕ್ಕೇ ಸಾಧನದ ಬೆಲೆಯನ್ನು ಈ ಮಿತಿಯಿಂದ ಹೊರಗಿಡಬೇಕು. ರೀಚಾರ್ಜ್ ಬ್ಯಾಟರಿ 15 ವರ್ಷದಷ್ಟು ಬಾಳಬಲ್ಲದು; ಪದೇ ಪದೇ ಎದೆ ಕೊಯ್ದು ಬದಲಿಸುವುದಕ್ಕಿಂತ ಸರ್ಕಾರಕ್ಕೂ ಅದೇ ಅಗ್ಗ.

ಆಪರೇಷನ್‌ಗೆ ಮುಂಚೆ, ಲೆವೊಡೋಪಾ ಮಾತ್ರೆಗೇ ಬಗ್ಗುವ ಡಿಸ್ಟೋನಿಯಾವೇ ಎಂದು ಅದನ್ನು ಕೊಟ್ಟು ನೋಡುವುದು, ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯೇ ಎಂದು ತಾಮ್ರದ ಅಂಶ ಪರೀಕ್ಷಿಸುವುದು ಪಾಲಿಕೆ ಆಸ್ಪತ್ರೆಗಳಲ್ಲೇ ಆಗಲಿ. ಈ ಎರಡು ಕಾಯಿಲೆಗೂ ಔಷಧ ಇದೆ, ಮೆದುಳಿಗೆ ಕೈ ಹಾಕಬೇಕಿಲ್ಲ.

ಇನ್ನೊಂದು ಮಾತು. ಮುಂಬಯಿಯಲ್ಲಿ ದುಡಿಯುವ ಕನ್ನಡಿಗರು ಕಾಯಿಲೆ ಬಿದ್ದರೆ ಉಡುಪಿಗೋ ಕಲಬುರಗಿಗೋ ಊರಿಗೆ ಹೋಗುತ್ತಾರೆ. ಒಂದು ಕಂಪನಿಯ ಸಾಧನಕ್ಕೆ ಇನ್ನೊಂದರ ಪ್ರೋಗ್ರಾಮರ್ (ಸೆಟ್ಟಿಂಗ್ ಬದಲಿಸುವ ಯಂತ್ರ) ಆಗುವುದಿಲ್ಲ. ಫಿಸಿಯೋಥೆರಪಿಯವರು ಗೊತ್ತಿಲ್ಲದೆ ಡಯಾಥರ್ಮಿ (ವಿದ್ಯುತ್ ಯಂತ್ರದಿಂದ ಸ್ನಾಯುಗಳಿಗೆ ಕಾವು ಕೊಡುವ ಚಿಕಿತ್ಸೆ) ಕೊಟ್ಟರೆ ಎಲೆಕ್ಟ್ರೋಡ್‌ನ ತುದಿ ಕಾದು ಮೆದುಳೇ ಸುಡಬಹುದು. ಸಾಧನದ ಮಾಡೆಲ್, ಈಗಿನ ಸೆಟ್ಟಿಂಗ್, ‘ಡಯಾಥರ್ಮಿ ಬೇಡ, ಕೇಳದೆ ಎಂಆರ್‌ಐ ಬೇಡ’ ಎಂಬ ಎಚ್ಚರಿಕೆ ಇರುವ ಕಾರ್ಡನ್ನು ಮರಾಠಿಯ ಜೊತೆ ರೋಗಿಯ ಭಾಷೆಯಲ್ಲೂ ಅಚ್ಚು ಹಾಕಿಸಿ, ಡಿಸ್ಚಾರ್ಜ್ ದಿನವೇ ಕೈಗೆ ಕೊಡಿಸಿ.

ಇತಿ ತಮ್ಮ ವಿಶ್ವಾಸಿಗಳು,
ಡಿಸ್ಟೋನಿಯಾ ರೋಗಿಗಳ ಆರೈಕೆಯಲ್ಲಿರುವವರು, ಮುಂಬಯಿ