ಹುಲಿಯೋ, ಹುಲಿ ಗೊಂಬೆಯೋ

ಪ್ರೀತಿಯ ತಂಗಿ,

ನಿನ್ನ ಕಥೆ ಓದಿದೆ. ಚೆನ್ನಾಗಿದೆ, ಆದರೆ ಕೊನೆಯ ಪುಟದಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿಬಿಟ್ಟಿದ್ದೀಯ. ಓದುಗರಿಗೆ ಅರ್ಥವಾಗದಿದ್ದರೆ ಅನ್ನೋ ಭಯವಂತೆ. ಸ್ವಲ್ಪ ದಿನ ಅದನ್ನು ಬದಿಗಿಟ್ಟು 'ಕ್ಯಾಲ್ವಿನ್ ಅಂಡ್ ಹಾಬ್ಸ್' ಓದು, ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಮಿಕ್ ಅದು.

ಕ್ಯಾಲ್ವಿನ್ ಆರು ವರ್ಷದ ಹುಡುಗ. ಹಾಬ್ಸ್ ಅವನ ಹುಲಿ. ಇಬ್ಬರೇ ಇದ್ದಾಗ ಹುಲಿ ಮಾತಾಡುತ್ತದೆ, ಜಗಳವಾಡುತ್ತದೆ, ಶಾಲೆಯಿಂದ ಬಂದವನ ಮೇಲೆ ಹಾರಿ ಕೆಡವುತ್ತದೆ. ಅಮ್ಮ ಬಂದಳೋ, ಆ ಚೌಕದಲ್ಲಿ ಇರುವುದು ಬರೀ ಬಟ್ಟೆಯ ಗೊಂಬೆ. ಒಂದು ಸಲ ಹಾಬ್ಸ್ ಅವನನ್ನು ಕುರ್ಚಿಗೆ ಕಟ್ಟಿಹಾಕುತ್ತದೆ. ಗಂಟು ಬಿಚ್ಚಲು ಬಂದ ಅಪ್ಪನಿಗೆ, ಇವನು ತನ್ನನ್ನು ತಾನೇ ಹೇಗೆ ಹೀಗೆ ಕಟ್ಟಿಕೊಂಡ ಅಂತ ತಿಳಿಯುವುದೇ ಇಲ್ಲ. ನಮಗೂ ತಿಳಿಯುವುದಿಲ್ಲ. ಬಿಲ್ ವಾಟರ್ಸನ್ 1985ರ ನವೆಂಬರ್‌ನಿಂದ ಹತ್ತು ವರ್ಷ ಈ ಕಾಮಿಕ್ ಬರೆದರು. ಹಾಬ್ಸ್ ಹುಲಿಯೋ ಗೊಂಬೆಯೋ ಅನ್ನೋದಕ್ಕೆ ಒಂದು ಸಲವೂ ಉತ್ತರ ಹೇಳಲಿಲ್ಲ.

ಅವರು ಗೊಂಬೆ, ಟೀ ಶರ್ಟು ಮಾರಲು ಒಪ್ಪಲಿಲ್ಲ ಅನ್ನೋದು ನಿನಗೆ ಗೊತ್ತಿರಬಹುದು. ಆ ಹಕ್ಕು ಸಿಂಡಿಕೇಟ್‌ನ, ಅಂದರೆ ಕಾಮಿಕ್ಕನ್ನು ಪತ್ರಿಕೆಗಳಿಗೆ ಹಂಚುವ ಕಂಪನಿಯ ಕೈಯಲ್ಲಿತ್ತು. ವರ್ಷಗಟ್ಟಲೆ ಹೋರಾಡಿ ಕರಾರನ್ನೇ ಬದಲಿಸಿಕೊಂಡರು. ಜನ ಇದನ್ನು ದೊಡ್ಡ ತ್ಯಾಗ ಅಂತಾರೆ. ನನಗೆ ಇದು ಕಥೆ ಹೇಳುವವನ ಎಚ್ಚರ ಅನ್ನಿಸುತ್ತದೆ. ಅಂಗಡಿಯಲ್ಲಿ ಹಾಬ್ಸ್ ಮಾರಾಟಕ್ಕೆ ಬಂದ ದಿನವೇ ಅವನು ಗೊಂಬೆ ಅಂತ ತೀರ್ಮಾನವಾಗಿಬಿಡುತ್ತಿತ್ತು, ಅಲ್ವಾ? ಹತ್ತು ವರ್ಷ ಕಾಪಾಡಿದ ಪ್ರಶ್ನೆ ಅಲ್ಲಿಗೆ ಮುಗಿಯುತ್ತಿತ್ತು.

ಭಾನುವಾರದ ಪುಟಗಳನ್ನೂ ನೋಡು. ಪತ್ರಿಕೆಗಳು ತಮ್ಮ ಜಾಗಕ್ಕೆ ತಕ್ಕಂತೆ ಚೌಕಗಳನ್ನು ಜೋಡಿಸಿಕೊಳ್ಳುತ್ತಿದ್ದವು. ಮೇಲಿನ ಸಾಲನ್ನು ಕಿತ್ತರೂ ಕಥೆ ನಿಲ್ಲುವಂತೆ ಬರೆಯಬೇಕಿತ್ತು. 1992ರಲ್ಲಿ ಅವರು ಕತ್ತರಿಸಬಾರದ ಅರ್ಧ ಪುಟ ಪಡೆದರು. ಕೆಲವು ಸಂಪಾದಕರಿಗೆ ಸಿಟ್ಟು ಬಂತು. ಆದರೆ ಆಮೇಲೆ ಬಂದ, ಕ್ಯಾಲ್ವಿನ್ ಕಲ್ಪನೆಯ ಡೈನೋಸಾರ್‌ಗಳನ್ನು ನೋಡು, ಎಷ್ಟು ಆರಾಮಾಗಿ ಮೈ ಚಾಚಿವೆ! ಮಾತೇ ಇಲ್ಲದ ಪುಟಗಳೂ ಇವೆ. ಒಂದೊಂದನ್ನೂ ನಿಧಾನವಾಗಿ ನೋಡು.

ಎರಡು ಸಾವಿರಕ್ಕೂ ಜಾಸ್ತಿ ಪತ್ರಿಕೆಗಳಲ್ಲಿ ಬರುತ್ತಿದ್ದಾಗಲೇ, 1995ರ ಡಿಸೆಂಬರ್ 31ರ ಭಾನುವಾರ, ಅವರು ನಿಲ್ಲಿಸಿದರು. ಆ ಕೊನೆಯ ಪುಟದ ತುಂಬ ಹೊಸ ಹಿಮ. ಇಬ್ಬರೂ ಜಾರುಬಂಡಿ ಹತ್ತಿ ಹೊರಡುತ್ತಾರೆ. ಅಲ್ಲಿಯೂ ಹಾಬ್ಸ್ ಹುಲಿಯೇ.

ನಿನ್ನ ಕಥೆಯಲ್ಲಿ ಅಜ್ಜಿ ಯಾರ ಜೊತೆ ಮಾತಾಡುತ್ತಿದ್ದಳು ಅನ್ನೋದು ನನಗೆ ಬೇಡ. ಅವಳು ಎರಡು ಲೋಟ ತೊಳೆದಿಟ್ಟಳಲ್ಲ, ಅಲ್ಲಿಗೆ ನಿಲ್ಲಿಸಿ ಮತ್ತೆ ಕಳಿಸು. ಕಾಯ್ತಿರ್ತೀನಿ.

ನಿನ್ನ ಅಕ್ಕ