ಮೂರನೆಯ ಮೆಟ್ಟಿಲಿನ ಗೆಳೆಯನಿಗೆ

ಉಡುಪಿ, ಕಾರ್ತೆಲ್ ತಿಂಗಳು

ಪ್ರೀತಿಯ ಗೆಳೆಯಾ,

ಮಸ್ಕತ್‌ನಿಂದ ನೀನು ಕಳಿಸಿದ ಸಂದೇಶಕ್ಕೆ ಮೂರು ವಾರವಾದರೂ ನಾನು ಉತ್ತರಿಸಿಲ್ಲ. "ಜರ್ಮನಿಗೆ ಹೋಗಿ ಬಂದವನು ನಾಲ್ಕು ಫೋಟೋ ಹಾಕಿ ಯಾಕೆ ಸುಮ್ಮನಾದೆ?" ಎಂದು ಕೇಳಿದ್ದೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ಸಮಾಧಾನ ಹೇಳಿ ಐದೇ ನಿಮಿಷದಲ್ಲಿ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ನಾಲ್ಕು ಜನ ಓದುವ ಹಾಗೆ. ನಾಲ್ವರ ಎದುರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ.

ಪ್ರವಾಸ ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೇ ತಿಂಗಳ ಸೆಕೆಯಲ್ಲಿ ಬೆಂದು ಹೊರಟವರು ಅಮ್ಮ, ಹೆಂಡತಿ, ಮಗಳು ಮತ್ತು ನಾನು. ತಂಗಿ ಕೆಲಸದಲ್ಲಿರುವ ಫ್ರೈಬುರ್ಗ್‌ನಲ್ಲಿ ಎರಡು ದಿನ ಇದ್ದು, ಅವಳನ್ನೂ ಕರೆದುಕೊಂಡು ಬ್ಲ್ಯಾಕ್ ಫಾರೆಸ್ಟಿನ ನಡುವೆ ಇರುವ ಟಿಟಿಸೇ ಎಂಬ ಸರೋವರದ ದಡಕ್ಕೆ ಹೋದೆವು. ನಮ್ಮೂರಿನಲ್ಲಿ ಬ್ಲ್ಯಾಕ್ ಫಾರೆಸ್ಟ್ ಎಂದರೆ ಹುಟ್ಟುಹಬ್ಬದ ಕೇಕು. ಅದು ಒಂದು ಕಾಡಿನ ಹೆಸರು, ಅದರೊಳಗೆ ಜನ ಹುಟ್ಟಿ, ದುಡಿದು, ಮುದುಕರಾಗುತ್ತಾರೆ ಎಂಬುದು ಮಗಳಿಗೆ ರೈಲು ಹತ್ತಿದ ಮೇಲೆಯೇ ನಂಬಿಕೆಯಾದದ್ದು.

ಆ ರೈಲಿನ ವಿಷಯ ನಿನಗೆ ಹೇಳಲೇಬೇಕು. ಹಳಿ 1887ರದ್ದು. ಫ್ರೈಬುರ್ಗ್ ಬಿಟ್ಟ ಸ್ವಲ್ಪ ಹೊತ್ತಿಗೆ ಹಿಮ್ಮೆಲ್‌ರೈಶ್ ಎಂಬ ನಿಲ್ದಾಣ ಬರುತ್ತದೆ. ಸ್ವರ್ಗರಾಜ್ಯ ಎಂದು ಅದರ ಅರ್ಥ. ಅದನ್ನು ದಾಟಿದ ಕೂಡಲೇ ಬಂಡೆಗಳು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತವೆ. ಆ ಕಣಿವೆಯ ಹೆಸರು ಹೋಲೆಂಟಾಲ್, ಅಂದರೆ ನರಕದ ಕಣಿವೆ. ತಂಗಿ ಅರ್ಥ ಹೇಳಿದಾಗ ಅಮ್ಮ ಕಿಟಕಿಯಿಂದ ಮುಖ ತಿರುಗಿಸದೆಯೇ, "ಧರ್ಮರಾಯನಿಗೂ ಹಾಗೆಯೇ ಆಯಿತಲ್ಲ, ಮೊದಲು ಸ್ವರ್ಗದ ಬಾಗಿಲು, ಆಮೇಲೆ ನರಕದ ದಾರಿ" ಎಂದರು. ಎಪ್ಪತ್ತೈದು ವರ್ಷದ ಅಮ್ಮನಿಗೆ ಹೊಸ ದೇಶದಲ್ಲಿ ದಾರಿ ಸಿಕ್ಕಿದ್ದು ಹೀಗೆ.

ಟಿಟಿಸೇ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಉದ್ದ ಸುಮಾರು 2 ಕಿ.ಮೀ., ಆಳ ಸುಮಾರು 40 ಮೀಟರ್. ಹಿಮಯುಗದಲ್ಲಿ ಫೆಲ್ಡ್‌ಬೆರ್ಗ್ ಬೆಟ್ಟದಿಂದ ಇಳಿದ ಹಿಮನದಿ ತಾನು ಹೊತ್ತು ತಂದ ಕಲ್ಲುಮಣ್ಣನ್ನು ಅಡ್ಡಕ್ಕೆ ಬಿಟ್ಟು ಕರಗಿತು. ಆ ಕಟ್ಟದ ಹಿಂದೆ ನಿಂತ ನೀರೇ ಈ ಸರೋವರ. ನಾವು ಇಳಿದುಕೊಂಡ ಹೋಟೆಲಿನ ಮರದ ಜಗಲಿಯಿಂದ ಹತ್ತು ಹೆಜ್ಜೆ ಇಟ್ಟರೆ ನೀರು. ಕೋಣೆಯ ಕೀಲಿಯ ಜೊತೆಗೆ ಒಂದು ಚೀಟಿ ಕೊಡುತ್ತಾರೆ; ಅದನ್ನು ತೋರಿಸಿದರೆ ಸುತ್ತಲಿನ ಬಸ್ಸು, ರೈಲು ಎಲ್ಲವೂ ಉಚಿತ. ಹೋಗುವವರು ಇದನ್ನು ಕೇಳಿ ಪಡೆಯಬೇಕು.

ಅಮ್ಮನಿಗೆ ಅಲ್ಲಿ ಇದ್ದ ತೊಂದರೆ ಒಂದೇ, ದೀಪ ಹಚ್ಚುವ ಹೊತ್ತು. ರಾತ್ರಿ ಒಂಬತ್ತಾದರೂ ಬೆಳಕು. ಮುಸ್ಸಂಜೆ ಬರಲಿ ಎಂದು ಸ್ವೆಟರಿನ ಮೇಲೆ ಸೆರಗು ಹೊದ್ದು ನೀರಿನ ಬದಿಯಲ್ಲಿ ಕುಳಿತಿರುತ್ತಿದ್ದರು. ಮೊದಲ ದಿನವೇ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಂಡು, "ಈ ಕೆರೆಗೆ ದೇವರು ಯಾರು?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. "ಇದು ಕೆರೆಯಲ್ಲ ಅಜ್ಜಿ, ಸರೋವರ" ಎಂದಳು ಮಗಳು. "ಮೆಟ್ಟಿಲು ಕಟ್ಟಿದರೆ ಕೆರೆಯೇ" ಎಂದರು ಅಮ್ಮ.

ಮೆಟ್ಟಿಲು ಎಂದಾಗ ನನಗೆ ಏನು ನೆನಪಾಗಿರಬೇಕು, ಹೇಳು. ನಮ್ಮ ತೋಟದ ಕೆರೆ, ನೀನು ಮೂರನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತಿದ್ದ ಅದೇ ಕೆರೆ.

ಅದಕ್ಕೂ ಮೊದಲು, ಫ್ರೈಬುರ್ಗ್ ನಿಲ್ದಾಣದ ಫಲಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನ ಹೆಸರು ನೋಡಿದಾಗಲೇ ಒಂದು ಮುಳ್ಳು ಚುಚ್ಚಿತ್ತು. ಅಲ್ಲಿಂದ ಬಾಸೆಲ್‌ಗೆ ರೈಲಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. 1834ರಲ್ಲಿ ಆ ಊರಿನ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು, 1843ರಲ್ಲಿ ಮೋಗ್ಲಿಂಗ್ ಅವರು 'ಮಂಗಳೂರು ಸಮಾಚಾರ' ಪತ್ರಿಕೆ ತಂದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಇವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಆದರೆ ಬಾಸೆಲ್ ಎಂಬ ಅಕ್ಷರಗಳನ್ನು ನಾನು ಮೊದಲು ನೋಡಿದ್ದು ಪುಸ್ತಕದಲ್ಲಿ ಅಲ್ಲ, ನಮ್ಮ ಕೆರೆಯ ಪಂಪ್‌ಶೆಡ್ಡಿನ ಹಂಚಿನ ಬೆನ್ನಿನ ಮೇಲೆ. ನೀನೂ ಅಲ್ಲಿಯೇ ನೋಡಿದ್ದು. ಚಡ್ಡಿ ಒಣಗುವವರೆಗೆ ಮಲಗಿಕೊಂಡು ಹಂಚಿನ ಒಳಮೈ ಓದುವುದಲ್ಲದೆ ನಮಗೆ ಬೇರೆ ಕೆಲಸವಿರಲಿಲ್ಲ.

ಕಾಡಿನ ಬಗ್ಗೆಯೂ ನೀನು ಕೇಳುತ್ತೀಯ. ದೂರದಿಂದ ಕಪ್ಪು, ಒಳಗೆ ಹೋದರೆ ತಂಪು, ನಡೆದರೆ ಹೆಜ್ಜೆಯ ಸದ್ದೇ ಕೇಳಿಸದಷ್ಟು ಮೆತ್ತನೆಯ ನೆಲ. ಎರಡನೆಯ ದಿನಕ್ಕೆ ಕಣ್ಣು ಪಳಗಿತು. ಮರಗಳು ಸಾಲಿನಲ್ಲಿ ನಿಂತಿರುವುದು ಕಾಣಿಸಿತು, ನಮ್ಮ ಗುಡ್ಡಗಳ ಅಕೇಶಿಯಾದಂತೆ. ಹಿಂದೆ ಅಲ್ಲಿ ಬೀಚ್ ಮತ್ತು ಫರ್ ಮರಗಳೇ ಹೆಚ್ಚು ಇದ್ದವಂತೆ. ಗಣಿಗೆ, ಗಾಜಿನ ಕುಲುಮೆಗೆ, ನದಿಯಲ್ಲಿ ತೇಲಿಸಿ ಹಾಲೆಂಡಿಗೆ ಮಾರಲು ಕಡಿದು ಕಡಿದು ಬೆಟ್ಟಗಳು ಬೋಳಾದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ ಬೇಗ ಬೆಳೆಯುವ ಸ್ಪ್ರೂಸ್ ನೆಟ್ಟರು. 1999ರ ಡಿಸೆಂಬರ್ 26ರಂದು ಬಂದ ಲೋಥಾರ್ ಎಂಬ ಬಿರುಗಾಳಿ ಅಂಥ ಎಷ್ಟೋ ಇಳಿಜಾರುಗಳನ್ನು ಒಂದೇ ದಿನದಲ್ಲಿ ಮಲಗಿಸಿತು. ಕಳೆದುಕೊಂಡ ಮೇಲೆ ಕಲಿತವರು ಅವರೂ. ಇದು ತಿಳಿದ ಮೇಲೆ ಆ ಊರಿನ ಮೇಲೆ ನನಗೆ ಪ್ರೀತಿ ಹೆಚ್ಚಾಯಿತು.

ನಾಲ್ಕನೆಯ ದಿನ ಅಮ್ಮ ಮತ್ತು ಹೆಂಡತಿ ಹೋಟೆಲಿನಲ್ಲಿಯೇ ಉಳಿದರು. ಮಗಳು, ತಂಗಿ, ನಾನು ಬೇರೆಂಟಾಲ್ ನಿಲ್ದಾಣದಲ್ಲಿ ಇಳಿದು ಕಾಡಿನೊಳಗೆ ನಡೆಯುತ್ತಾ ಫೆಲ್ಡ್‌ಸೇ ಎಂಬ ಇನ್ನೊಂದು ಕೆರೆಗೆ ಹೋದೆವು. 1493 ಮೀಟರ್ ಎತ್ತರದ ಫೆಲ್ಡ್‌ಬೆರ್ಗಿನ ಬುಡದಲ್ಲಿ, ಯಾರೋ ಬೆರಳಿನಿಂದ ಒತ್ತಿ ಗುಳಿ ಮಾಡಿದ ಹಾಗೆ, ಉರುಟಾದ ಪುಟ್ಟ ಕೆರೆ. ಕಡಿದಾದ ಬಂಡೆಗೋಡೆಗಳು ನೇರ ನೀರಿಗೆ ಇಳಿದಿವೆ. ಬೆವರಿ ಬಂದಿದ್ದ ಮಗಳು ಬೂಟು ಬಿಚ್ಚಲು ಕುಳಿತಳು. ತಂಗಿ ತಡೆದಳು. ಆ ಕೆರೆಯಲ್ಲಿ ಈಜುವಂತಿಲ್ಲ.

"ಮುಳುಗುತ್ತಾರೆಂದೇ?" ಎಂದು ಕೇಳಿದೆ.

ಅಲ್ಲ. ಒಂದು ಹುಲ್ಲಿಗಾಗಿ. ಹುಲ್ಲಿನ ಗೊಂಚಲಿನಂತೆ ಕಾಣುವ, ಬೆರಳುದ್ದದ ಒಂದು ನೀರುಸಸ್ಯ ಆ ಕೆರೆಯ ತಳದಲ್ಲಿ ಬೆಳೆಯುತ್ತದೆ. ಅದಕ್ಕೆ ಹೂವಿಲ್ಲ, ಬೀಜವಿಲ್ಲ. ಜರೀಗಿಡದಂತೆ ಬೀಜಕಣಗಳಿಂದಲೇ ಬದುಕಬೇಕು. ಐಸೊಯೆಟಿಸ್ ಎಂಬುದು ಅದರ ಕುಲ. ಜರ್ಮನಿಯಲ್ಲಿ ತೀರಾ ಅಪರೂಪ. ಈಜುವವರು ತುಳಿದರೆ, ಕೆಸರು ಕದಡಿದರೆ ಅದಕ್ಕೆ ಅಪಾಯ. ಆದ್ದರಿಂದ ಯಾರೂ ಇಳಿಯುವಂತಿಲ್ಲ. ಮಗಳು ತಕರಾರಿಲ್ಲದೆ ಬೂಟಿನ ದಾರ ಮತ್ತೆ ಕಟ್ಟಿಕೊಂಡಳು. ನಾನು ಅಲ್ಲಿಯೇ ಒಂದು ಕಲ್ಲಿನ ಮೇಲೆ ಕುಳಿತೆ. ನೀರನ್ನು ನೋಡಲು ನನ್ನಿಂದ ಆಗಲಿಲ್ಲ.

ಯಾಕೆ ಎಂದು ಈಗ ಹೇಳುತ್ತೇನೆ, ಗೆಳೆಯಾ. ನಮ್ಮ ಕೆರೆಯನ್ನು ನಾನು ಮಾರಿದ್ದೇನೆ.

ಫೆಬ್ರವರಿಯಲ್ಲಿ ನೋಂದಣಿ ಆಯಿತು. ಕೆಳಗಿನ ತೋಟ, ಗದ್ದೆಯ ಎರಡು ತುಂಡು, ಮುರಕಲ್ಲಿನ ಹನ್ನೊಂದು ಮೆಟ್ಟಿಲಿನ ಆ ಕೆರೆ, ಪಂಪ್‌ಶೆಡ್ಡು, ಎಲ್ಲವೂ. ಕೊಂಡವರು ಮನೆ ನಿವೇಶನ ಮಾಡುತ್ತಾರೆ. ಒತ್ತಾಯಕ್ಕೆ ಮಾರಿದೆ ಎಂದು ಹೇಳಲು ನನ್ನ ಬಳಿ ಸಾಲವಿಲ್ಲ, ಕಾಯಿಲೆಯಿಲ್ಲ. ಅಡಿಕೆಗೆ ಮದ್ದು ಬಿಡಲು ಜನ ಸಿಗುತ್ತಿರಲಿಲ್ಲ, ಒಳ್ಳೆಯ ಬೆಲೆ ಬಂತು, ತಂಗಿ ತನ್ನ ಪಾಲಿಗೆ ಒಪ್ಪಿದಳು. ಅಷ್ಟೇ. ನಮ್ಮ ನಾಲ್ಕು ಟಿಕೆಟು, ಸರೋವರದ ಬದಿಯ ಆ ಕೋಣೆ ಬಂದದ್ದು ಅದೇ ಹಣದಿಂದ. ಒಂದು ಕೆರೆಯನ್ನು ಕೊಟ್ಟು ಇನ್ನೊಂದು ಕೆರೆಯ ದಡದಲ್ಲಿ ಏಳು ದಿನ ಕುಳಿತು ಬಂದೆ.

ಊರಿಗೆ ಮರಳಿದ ಮೇಲೆ ಮಗಳು ಆ ಹುಲ್ಲಿನ ಹೆಸರು ಹುಡುಕುತ್ತಾ ಓಡಿ ಬಂದಳು. ಅದೇ ಕುಲದ ಒಂದು ಸಸ್ಯಕ್ಕೆ ಐಸೊಯೆಟಿಸ್ ಉಡುಪಿಯೆನ್ಸಿಸ್ ಎಂದು ಹೆಸರಿದೆ. ಉಡುಪಿಯೆನ್ಸಿಸ್! ನಮ್ಮ ಊರಿನ ಹೆಸರು, ಗೆಳೆಯಾ. ರಥಬೀದಿಯಲ್ಲಿ ಸುತ್ತಿದ್ದೇವೆ, ಮಲ್ಪೆಯಲ್ಲಿ ಅಲೆದಿದ್ದೇವೆ, ಮಣ್ಣಪಳ್ಳದ ಸುತ್ತ ನಡೆದಿದ್ದೇವೆ, ನಮ್ಮ ಊರಿನ ಹೆಸರು ಹೊತ್ತ ಒಂದು ಹುಲ್ಲು ಇದೆ ಎಂದು ನಮಗೆ ಯಾರೂ ಹೇಳಲಿಲ್ಲ. ಈ ಕುಲದ ಎಷ್ಟೋ ಸಸ್ಯಗಳು ನಮ್ಮ ನಾಡಿನಲ್ಲಿ ಮಳೆಗಾಲಕ್ಕೆ ನೀರು ನಿಂತ ಕಡೆ ಚಿಗುರಿ, ನೀರು ಆರಿದಾಗ ಗೆಡ್ಡೆಯಾಗಿ ನೆಲದೊಳಗೆ ಕಾಯುತ್ತವೆ. ಕೆರೆಯ ಪಕ್ಕದ ಆ ಜವುಗಿನಲ್ಲಿ, ನೀನು ಚಪ್ಪಲಿ ಕಳೆದುಕೊಂಡ ಜಾಗದಲ್ಲಿ, ಅದು ಇತ್ತೋ ಇಲ್ಲವೋ. ನಲವತ್ತು ವರ್ಷ ಅದರ ಮೇಲೆಯೇ ನಡೆದಾಡಿದವನು ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕೆಂದು ಕುಳಿತಿದ್ದೆ. ಆದರೆ ಇನ್ನೊಂದು ಮಾತು ಉಳಿದಿದೆ. ಕ್ರಯಪತ್ರಕ್ಕೆ ಅಮ್ಮನ ಸಹಿಯೂ ಬೇಕಿತ್ತು. "ಕೆಳಗಿನ ತೋಟ" ಎಂದಷ್ಟೇ ಅವರಿಗೆ ಹೇಳಿದ್ದೆ. ಕೆರೆಯೂ ಅದರೊಳಗೇ ಬರುತ್ತದೆ ಎಂದು ಬಿಡಿಸಿ ಹೇಳಲಿಲ್ಲ. ಮರೆತದ್ದಲ್ಲ, ಹೇಳಲಿಲ್ಲ. ಮದುವೆಯಾಗಿ ಬಂದ ವರ್ಷ ಆ ಕೆರೆಯ ಹೂಳು ತೆಗೆಯಲು ಬುಟ್ಟಿ ಹೊತ್ತವರು ಅವರು. ಟಿಟಿಸೇಯ ದಡದಲ್ಲಿ ಪ್ರತಿ ಸಂಜೆ ಅವರು ತಲೆಗೆ ನೀರು ಪ್ರೋಕ್ಷಿಸಿಕೊಳ್ಳುವಾಗ ನಾನು ಫೋಟೋ ತೆಗೆಯುವ ನೆಪದಲ್ಲಿ ದೂರ ಹೋಗುತ್ತಿದ್ದೆ. ನೀನು ಮೆಚ್ಚಿದ ಆ ಫೋಟೋಗಳು ಹಾಗೆ ತೆಗೆದವು.

ಹೋದ ಭಾನುವಾರ ಅಮ್ಮನ ಎದುರು ಕುಳಿತು ಹೇಳಿದೆ. ಅವರು ಹಲಸಿನ ಸೊಳೆ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. "ನನಗೆ ಗೊತ್ತಿತ್ತು. ಚಕ್ಕುಬಂದಿ ಓದಿಸಿಕೊಂಡೇ ಸಹಿ ಹಾಕಿದ್ದು" ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ನೀನಾಗಿ ಹೇಳುತ್ತೀಯೋ ನೋಡೋಣ ಎಂದಿದ್ದೆ" ಎಂದರು. ಆಮೇಲೆ ಕೈಗೆ ಹಚ್ಚಿಕೊಳ್ಳಲು ಕೊಬ್ಬರಿ ಎಣ್ಣೆ ತಾ ಎಂದರು. ತಂದುಕೊಟ್ಟೆ. ಗೆಳೆಯಾ, ಬೈದಿದ್ದರೆ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಕೊಂಡವರನ್ನು ಹೋಗಿ ಕಂಡೆ. ಕೆರೆಯನ್ನೂ ಜವುಗನ್ನೂ ಹಾಗೆಯೇ ಬಿಟ್ಟು ನಕ್ಷೆ ಮಾಡಿ, ಆ ಭಾಗದ ಹಣವನ್ನು ವಾಪಸು ಕೊಡುತ್ತೇನೆ ಎಂದು ಕೇಳಿದೆ. "ನೋಡೋಣ" ಎಂದಿದ್ದಾರೆ. ಮತ್ತೆ ಹೋಗುತ್ತೇನೆ, ಬೇಕಾದರೆ ಪ್ರತಿ ವಾರ ಹೋಗುತ್ತೇನೆ. ಏನೇ ಆದರೂ ಮಣ್ಣು ಹಾಕುವುದು ದೀಪಾವಳಿ ಕಳೆದ ಮೇಲೆ. ಈ ಮಳೆಗಾಲ ಪೂರ್ತಿ ಕೆರೆ ಇದೆ. ನಿನ್ನೆ ಹೋಗಿ ನೋಡಿದೆ. ನೀರು ಏಳನೆಯ ಮೆಟ್ಟಿಲಿಗೆ ಬಂದಿದೆ, ಕಪ್ಪೆಗಳು ಒಂದೇ ಸಮನೆ ಕೂಗುತ್ತಿವೆ. ಮಗಳು ಭೂತಗನ್ನಡಿ ಹಿಡಿದು ಜವುಗಿನ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಒಂದೊಂದು ಎಸಳನ್ನೂ ಬುಡದವರೆಗೆ ನೋಡುತ್ತಾಳೆ.

ಮುಂದಿನ ಆಟಿ ತಿಂಗಳಲ್ಲಿ ರಜೆ ಹಾಕಿ ಬಾ. ನೀರು ಮೂರನೆಯ ಮೆಟ್ಟಿಲಿಗೆ ಬಂದಿರುತ್ತದೆ. ಅಮ್ಮ ಪತ್ರೊಡೆ ಮಾಡುತ್ತೇನೆ ಎಂದಿದ್ದಾರೆ, ನಿನ್ನ ಹೆಸರು ಹೇಳಿಯೇ ಎಂದರು. ಈಜು ಕಲಿಯುವಾಗ ತೇಲಲು ಒಣಗಿದ ತೆಂಗಿನಕಾಯಿ ಎರಡು ಆರಿಸಿ ಹಗ್ಗ ಕಟ್ಟಿ ಇಟ್ಟಿದ್ದೇನೆ. ಈ ಸಲ ಮಗಳಿಗೆ, ಅವಳ ನಂತರ ನಿನಗೆ. ನಮ್ಮ ಶಾಲೆಯ ಡ್ರಿಲ್ ಮಾಸ್ಟರ ಕೊಡೆ ಇನ್ನೂ ನಿನ್ನ ಬಳಿಯೇ ಇದೆ ಎಂದು ನನಗೆ ಗೊತ್ತು. ಅದನ್ನು ತಾ.

ನಿನ್ನ,
ಹನ್ನೊಂದನೆಯ ಮೆಟ್ಟಿಲು ಮುಟ್ಟಿ ಬಂದವನು