ಹಳೆಯ ಕಂಪ್ಯೂಟರ್ ಎಸೆಯುವ ಮುನ್ನ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ನಂತರ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದೆ ವಿಂಡೋಸ್ 11ಕ್ಕೆ ಅರ್ಹವಾಗದ ಹಳೆಯ ಕಂಪ್ಯೂಟರ್‌ಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ದಾವಣಗೆರೆಯ ಮನೆ, ಅಂಗಡಿಗಳಲ್ಲೂ ಎದ್ದಿದೆ. ಬೇಸತ್ತವರಿಗೆಲ್ಲ, ವಿಂಡೋಸ್ ಬದಲಿಗೆ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ‘ಲಿನಕ್ಸ್ ಹಾಕಿಕೊಳ್ಳಿ’ ಎನ್ನುವುದು ಸುಲಭ. ಆದರೆ ಅವರು ಅದರಲ್ಲಿ ಮಾಡುವ ಕೆಲಸವೇನೆಂದು ಮೊದಲು ಕೇಳಬೇಕು.

ಮಂಡಿಪೇಟೆಯ ವರ್ತಕರ ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೆ ಬದಲಾಯಿಸದಿರುವುದೇ ಲೇಸು, ಏಕೆಂದರೆ ಆ ತಂತ್ರಾಂಶ ವಿಂಡೋಸ್‌ಗಾಗಿ ರೂಪುಗೊಂಡದ್ದು. ಡಿಟಿಪಿ ಕೇಂದ್ರಗಳ ತೊಡಕು ಇನ್ನೂ ಆಳವಾದುದು: ‘ನುಡಿ’ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆ, ಕರಪತ್ರ, ಅರ್ಜಿಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ, ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡೇ ಮುಂದಡಿ ಇಡಬೇಕು. ಹೊಸದಾಗಿ ಟೈಪ್ ಮಾಡುವವರಿಗೆ ಈ ಭಯವಿಲ್ಲ, ನುಡಿಯಲ್ಲಿ ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲೂ ಲಭ್ಯವಿದೆ.

ನಿವೃತ್ತ ಶಿಕ್ಷಕಿಯಾದ ನನಗೆ ಹೊಸದನ್ನೇ ಕೊಳ್ಳಬೇಕೆಂದು ಅಂಗಡಿಯವರೊಬ್ಬರು ಖಚಿತವಾಗಿ ಹೇಳಿದ್ದರು. ಅದೇ ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿಸಿ, ಲಿಬ್ರೆ ಆಫೀಸ್‌ನಲ್ಲಿ ಈ ಪತ್ರ ಬರೆದಿದ್ದೇನೆ. ಪ್ರಿಂಟರ್ ಹೊಂದಿಸಲು ಎರಡು ಸಂಜೆ ಹಿಡಿಯಿತೆಂಬುದನ್ನು ಮುಚ್ಚಿಡಲಾರೆ.

ಹಾರ್ಡ್ ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲೂ ಮಾಡಿ ವೈ-ಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಲು ಅವಕಾಶವಿದೆ. ನಮ್ಮೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತಿಂಗಳಿಗೊಂದು ಭಾನುವಾರ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಇದನ್ನು ತೋರಿಸಿಕೊಡಲು ಕಾಲೇಜುಗಳು ವ್ಯವಸ್ಥೆ ಮಾಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ